ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ: ಆಸ್ಪತ್ರೆಲಿ ತಪ್ಪಾದ್ರೆ ಯಾರು ಬಾಯಿ ಬಿಡ್ಬೇಕು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷ್ಯದ್ದು ಇತ್ತು, ಹಾಗಾಗಿ ಮಂಡಿನೋವು, ಗ್ಯಾಸ್ಟ್ರಿಕ್ ಎಲ್ಲ ಮುಂದಿನ ಸಂಚಿಕೆಗೆ. ನಾಲ್ಕೂ ಜನ ಹೆಸ್ರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ನಮ್ಮ ಜಿಲ್ಲೆಲಿ ತಾಲೂಕು ಹೇಳಿದ್ರೆ ಸಾಕು, ಆಸ್ಪತ್ರೆ ಯಾವ್ದು ಅಂತ ಚಾದಂಗಡಿಲಿ ಪತ್ತೆ ಹಚ್ಚೋರಿದಾರೆ, ದಯವಿಟ್ಟು ಆ ಕೆಲ್ಸ ಬೇಡ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮದು ಕುಮಟಾ ಹತ್ರ ಹಳ್ಳಿ. ಅಪ್ಪಯ್ಯಂಗೆ 71 ವರ್ಷ, ಶುಗರ್ ಇದೆ. ದೀಪಾವಳಿ ಮುಗಿದ್ಮೇಲೆ ಕಾಲಿನ ಗಾಯ ಕೀವಾಗಿ ಒಂದು ನರ್ಸಿಂಗ್ ಹೋಮಲ್ಲಿ ಅಡ್ಮಿಟ್ ಮಾಡಿದ್ವಿ. ಎರಡನೇ ರಾತ್ರಿ ಇನ್ಸುಲಿನ್ ಕೊಟ್ಟು ಮಲಗ್ಸಿದ್ರು. ಬೆಳಗಿನ ಜಾವ ನಾಲ್ಕಕ್ಕೆ ನೋಡಿದ್ರೆ ಅಂಗಿಯೆಲ್ಲ ಬೆವರಲ್ಲಿ ತೊಪ್ಪೆ, ಮಾತು ತೊದಲು, ನನ್ನನ್ನ ತೀರಿಹೋದ ಅತ್ತೆ ಹೆಸ್ರಲ್ಲಿ ಕರೀತಿದ್ರು. ಶುಗರ್ 34 ಇತ್ತಂತೆ. ಗ್ಲೂಕೋಸ್ ಹಾಕಿದ್ರು, ಎದ್ದು ಕೂತ್ರು, ಎರಡು ಗಂಟೆ ಬಿಟ್ಟು ಮತ್ತೆ ಇಳೀತು, ಕೊನೆಗೆ ಆಂಬುಲೆನ್ಸ್ ಮಾಡಿ ಮಣಿಪಾಲಕ್ಕೆ ಒಯ್ದ್ವಿ. ಬದುಕಿ ಬಂದ್ರು, ಆದ್ರೆ ಮೊದಲಿನ ಹಾಗಿಲ್ಲ, ಮರೆವು ಜಾಸ್ತಿ. ಕೇಳಿದ್ರೆ "ವಯಸ್ಸಾಯ್ತಲ್ಲ, ರಾತ್ರಿ ಊಟ ಸರಿ ಮಾಡಿಲ್ಲ" ಅಂದ್ರು. ಊಟ ಮಾಡ್ಸಿದ್ದು ನಾನು, ಚಪಾತಿ ತಿಂದು ಮೇಲೆ ಅನ್ನ ಸಾರೂ ಉಂಡಿದ್ರು. ಒಂದು ತಿಂಗಳ ನಂತ್ರ ಅಲ್ಲಿ ಕೆಲ್ಸ ಮಾಡೋ ಹುಡುಗಿ ಸಿಕ್ಕಿ "ಅಕ್ಕಾ, ಅವತ್ತು ಸಿರಿಂಜ್ ತಪ್ಪಾಗಿತ್ತು, ಕೆಂಪು ಮುಚ್ಚಳದ್ದು ತಗೊಂಡಿದ್ರು" ಅಂತ ಅತ್ಲು. ಗ್ಲೂಕೋಸಿನ ದುಡ್ಡು, ಆಂಬುಲೆನ್ಸ್ ದುಡ್ಡು ಎಲ್ಲ ನಮ್ಮ ಬಿಲ್ಲಿಗೇ ಬಂದಿದೆ. ಮಾವ ಹೇಳ್ತಾರೆ, ನೀರಲ್ಲಿದ್ದು ಮೊಸಳೆ ಹತ್ರ ವೈರ ಯಾಕೆ, ನಾಳೆ ನಡುರಾತ್ರಿ ಎದೆನೋವು ಬಂದ್ರೆ ಅಲ್ಲಿಗೇ ಓಡ್ಬೇಕು ಅಂತ. ನಂಗೆ ದುಡ್ಡು ಬೇಡ, ಏನಾಯ್ತು ಅಂತ ಅವ್ರ ಬಾಯಿಂದ ಕೇಳ್ಬೇಕು ಅಷ್ಟೇ. ಇದು ತಪ್ಪಾ?

ಉತ್ತರ: ತಪ್ಪಲ್ಲ ತಂಗಿ. ಮೊದಲು ಆ ಕೆಂಪು ಮುಚ್ಚಳ ಏನು ಅಂತ ಹೇಳ್ತೀನಿ, ಯಾಕಂದ್ರೆ ಇನ್ಸುಲಿನ್ ತಗೊಳೋ ಮನೆ ಎಷ್ಟೋ ಇದಾವೆ, ಎಲ್ರಿಗೂ ಗೊತ್ತಿರ್ಬೇಕಾದ ವಿಷ್ಯ.

ನಮ್ಮಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಶಕ್ತಿದು ಬರತ್ತೆ. ಮಾಮೂಲಿ ಬಾಟ್ಲಿಲಿ ಒಂದು ಎಂಎಲ್‌ಗೆ 40 ಯುನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿಗೆ ಹಾಕೋ ಕಾರ್ಟ್ರಿಜ್ಜು, ರಾತ್ರಿ ಒಂದೇ ಸಲ ಕೊಡೋ ಗ್ಲಾರ್ಜಿನ್ ಥರದ್ದು, ಇವೆಲ್ಲ ಒಂದು ಎಂಎಲ್‌ಗೆ 100 ಯುನಿಟ್, ಸಿರಿಂಜಲ್ಲಿ ಕೊಡೋದಾದ್ರೆ ಕಿತ್ತಳೆ ಮುಚ್ಚಳದ್ದೇ ಬೇಕು. ಈಗ 100ರ ಔಷಧಿನ ಕೆಂಪು ಮುಚ್ಚಳದ ಸಿರಿಂಜಲ್ಲಿ 20 ಅಂತ ಬರ್ದಿರೋ ಗೆರೆವರೆಗೆ ಎಳೆದ್ರೆ ಒಳಗೆ ಬರೋದು ಅರ್ಧ ಎಂಎಲ್, ಅಂದ್ರೆ 50 ಯುನಿಟ್. ಎರಡೂವರೆ ಪಟ್ಟು. ಕೊಟ್ಟೋರಿಗೂ ಗೆರೆ 20 ಅಂತಲೇ ಕಾಣತ್ತೆ, ಅನುಮಾನವೇ ಬರಲ್ಲ. ಗ್ಲಾರ್ಜಿನ್ ಹೆಚ್ಚುಕಮ್ಮಿ ಇಡೀ ದಿನ ಕೆಲ್ಸ ಮಾಡೋ ಔಷಧಿ, ಹಾಗಾಗಿ ಒಂದ್ಸಲ ಗ್ಲೂಕೋಸ್ ಹಾಕಿದ್ರೆ ಮುಗಿಯಲ್ಲ, ಮತ್ತೆ ಮತ್ತೆ ಇಳಿಯತ್ತೆ. ನಿಮ್ಮ ಅಪ್ಪಯ್ಯಂಗೆ ಆದದ್ದು ಇದೇನಾ ಅಂತ ಕಾಗದ ನೋಡದೆ ನಾನು ಷರಾ ಬರೆಯಲ್ಲ, ಆದ್ರೆ ನೀವು ಬರ್ದ ಕಥೆ ಇದಕ್ಕೆ ಸರಿಯಾಗಿ ಕೂರತ್ತೆ.

ಈಗ ಮುಖ್ಯ ಮಾತು. ಡಿಸ್ಚಾರ್ಜ್ ಕಾರ್ಡಲ್ಲಿ ಏನು ಬರ್ದಿದೆ ನೋಡಿ. "ಊಟ ಕಡಿಮೆ ಮಾಡಿದ್ರಿಂದ ಶುಗರ್ ಇಳೀತು" ಅಂತಿದ್ರೆ, ನಾಳೆ ಬೇರೆ ಡಾಕ್ಟ್ರು ಅದನ್ನ ಓದಿ ಏನಂತಾರೆ? ಈ ಅಜ್ಜಂಗೆ 20 ಯುನಿಟ್ಟೇ ಹೆಚ್ಚು, ಇಳಿಸಣ ಅಂತಾರೆ. 8ಕ್ಕೋ 10ಕ್ಕೋ ಇಳಿಸ್ತಾರೆ. ಶುಗರ್ 300 ದಾಟತ್ತೆ, ಕಾಲಿನ ಗಾಯ ಒಣಗಲ್ಲ, ಶುಗರ್ ಕಾಲಿಗೆ ಗಾಯ ಒಣಗ್ಲಿಲ್ಲ ಅಂದ್ರೆ ಕೊನೆಗೆ ಬೆರಳು ತೆಗೀಬೇಕಾ ಅನ್ನೋ ಮಾತು ಬರತ್ತೆ. ಆಸ್ಪತ್ರೆಯೋರು ತಮ್ಮ ಮರ್ಯಾದೆ ಉಳಿಸ್ಲಿಕ್ಕೆ ಬರ್ದ ಒಂದು ಸಾಲು ನಿಮ್ಮ ಅಪ್ಪಯ್ಯನ ಮುಂದಿನ ಟ್ರೀಟ್‌ಮೆಂಟನ್ನೇ ದಾರಿ ತಪ್ಪಿಸತ್ತೆ. ಅದಕ್ಕೇ ನೀವು ನಿಜ ಕೇಳೋದು ಹಟ ಅಲ್ಲ, ಅದು ಅವ್ರ ಔಷಧಿ ಚೀಟಿಯಷ್ಟೇ ಬೇಕಾದ್ದು. ಕಾರ್ಡಲ್ಲಿ ಹಾಗೆ ಬರ್ದಿದ್ರೆ ಈಗ ನೋಡ್ತಿರೋ ಡಾಕ್ಟ್ರಿಗೆ ನಿಮ್ಮ ಅನುಮಾನ ಇವತ್ತೇ ಹೇಳಿ.

ಮಾಡ್ಬೇಕಾದ್ದು ಹೀಗೆ. ರೆಕಾರ್ಡ್ ಕೊಡಿ ಅಂತ ಬಿಳಿ ಹಾಳೆಲಿ ಅರ್ಜಿ ಬರೀರಿ, ಅಪ್ಪಯ್ಯನ ಸಹಿ ಹಾಕ್ಸಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಆಸ್ಪತ್ರೆ ಸೀಲು, ತಾರೀಕು ಹಾಕ್ಸ್ಕೊಳಿ. ರೋಗಿ ಕೇಳಿದ್ರೆ 72 ಗಂಟೆ ಒಳಗೆ ದಾಖಲೆ ಕೊಡ್ಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲೇ ಇದೆ, ಅಡ್ಮಿಟ್ ಆದವ್ರ ದಾಖಲೆ ಮೂರು ವರ್ಷ ಇಟ್ಕೊಳ್ಬೇಕು ಅಂತಲೂ ಇದೆ. ಬರೇ ಡಿಸ್ಚಾರ್ಜ್ ಕಾರ್ಡ್ ಕೊಟ್ಟು ಕಳಿಸ್ತಾರೆ, ಅಷ್ಟಕ್ಕೆ ಎದ್ದು ಬರ್ಬೇಡಿ. ಪೂರ್ತಿ ಕೇಸ್ ಶೀಟು, ಔಷಧಿ ಕೊಟ್ಟ ಚಾರ್ಟು, ಸಿಸ್ಟರ್ ಬರ್ದ ನೋಟ್ಸು, ಶುಗರ್ ಚಾರ್ಟು ಇಷ್ಟೂ ಬೇಕು ಅಂತ ಹೆಸ್ರು ಹಿಡಿದು ಕೇಳಿ. ಇನ್ನೊಂದು, ಮನೇಲಿ ಫಾರ್ಮಸಿ ಬಿಲ್ ಇದ್ರೆ ಇವತ್ತೇ ತೆಗೆದು ನೋಡಿ. ಇನ್ಸುಲಿನ್ ಸಾಲಲ್ಲಿ 100 ಅಂತಿದ್ದು ಸಿರಿಂಜ್ ಸಾಲಲ್ಲಿ 40 ಅಂತಿದ್ರೆ, ಆ ಹುಡುಗಿ ಹೇಳಿದ್ದನ್ನ ಬಿಲ್ಲೇ ಹೇಳ್ತಾ ಇದೆ ಅಂತಾಯ್ತು. ಆ ಹುಡುಗಿ ಹೆಸ್ರನ್ನ ಮಾತ್ರ ಎಲ್ಲೂ ಎತ್ಬೇಡಿ, ಮಾವನ ಹತ್ರನೂ ಹೇಳ್ಬೇಡಿ. ಸತ್ಯ ಹೇಳಿದ್ದಕ್ಕೆ ಅವಳ ಕೆಲ್ಸ ಹೋದ್ರೆ ಆ ನರ್ಸಿಂಗ್ ಹೋಮಲ್ಲಿ ಇನ್ನು ಯಾರೂ ಬಾಯಿ ಬಿಡಲ್ಲ.

ಆಮೇಲೆ ಡಾಕ್ಟ್ರ ಹತ್ರ ಟೈಮ್ ಕೇಳಿ ಕೂತು ಮಾತಾಡಿ, ಓಪಿಡಿ ನೂಕುನುಗ್ಗಲಲ್ಲಿ ಬೇಡ. ಕೇಳೋದು ನಾಲ್ಕೇ ಮಾತು. ಅವತ್ತು ರಾತ್ರಿ ಏನು ಕೊಟ್ರಿ, ಎಷ್ಟು ಹೋಯ್ತು, ನಿಮಗೆ ಯಾವಾಗ ಗೊತ್ತಾಯ್ತು, ಮತ್ತೆ ಹಾಗಾಗದಂಗೆ ಏನು ಮಾಡಿದೀರಿ. ದುಡ್ಡು ಬೇಡ ಅಂದ್ರಲ್ಲ, ಅದನ್ನ ಮಾತ್ರ ಮೊದಲೇ ಹೇಳ್ಬೇಡಿ. ಅವ್ರ ಕಡೆಯಿಂದಾದ ತಪ್ಪಿನ ಗ್ಲೂಕೋಸು, ಆಂಬುಲೆನ್ಸು ನೀವು ಯಾಕೆ ಕಟ್ಬೇಕು? ಕ್ಷಮೆ ಕೇಳಿ ಬಿಲ್ಲು ಹಾಗೇ ಇಟ್ಕೊಂಡ್ರೆ ಅದು ಬಾಯುಪಚಾರ ಆಯ್ತು. ಮತ್ತೆ "ಆ ಸಿಸ್ಟರನ್ನ ತೆಗೆದು ಹಾಕಿದೀವಿ" ಅಂತ ಹೇಳಿ ಕೈತೊಳ್ಕೊಳ್ಳೋಕೆ ಬಂದ್ರೆ ಒಪ್ಬೇಡಿ, ಕೆಂಪು ಕಿತ್ತಳೆ ಎರಡೂ ಸಿರಿಂಜ್ ಒಂದೇ ಟ್ರೇಲಿ ಇಟ್ಟಿದ್ದು ಯಾರು, ರಾತ್ರಿ ಪಾಳಿಗೆ ಎಷ್ಟು ಜನ ಇದ್ರು, ಅದನ್ನ ಕೇಳಿ.

ಮಾವನ ಮಾತನ್ನ ನಾನು ತಳ್ಳಿಹಾಕಲ್ಲ. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಊರೂರಲ್ಲಿ ಕೂಗೆದ್ದಿದ್ದು ಸುಮ್ನೆ ಅಲ್ಲ. ಕಾರವಾರದೋರು ಗೋವಾಕ್ಕೆ, ಭಟ್ಕಳ ಹೊನ್ನಾವರದೋರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನೋರು ಹುಬ್ಬಳ್ಳಿಗೆ ಓಡೋ ಜಿಲ್ಲೆ ನಮ್ಮದು, ಊರಲ್ಲಿರೋ ಒಂದೆರಡು ನರ್ಸಿಂಗ್ ಹೋಮ್ ಹತ್ರ ಜಗಳ ಮಾಡ್ಕೊಂಡ್ರೆ ಕಷ್ಟ ಅನ್ಸೋದು ಸಹಜ, ಅದರ ಮೇಲೆ ಡಾಕ್ಟ್ರು ಗುರ್ತಿನವ್ರು, ಮದುವೆ ಮುಂಜಿಲಿ ಒಂದೇ ಪಂಕ್ತಿಲಿ ಕೂರೋರು. ಆದ್ರೆ ಇದೇ ಕಾರಣಕ್ಕೇ ಕೇಳ್ಬೇಕು ಅಂತೀನಿ ನಾನು. ಮತ್ತೆ ಅಲ್ಲಿಗೇ ಹೋಗೋದು ನೀವೇ ತಾನೆ? ಆ ಟ್ರೇ ಸರಿಯಾಗದಿದ್ರೆ ನಾಳೆ ಅದೇ ಸಿರಿಂಜು ಮಾವಂಗೆ ಬರಬಹುದು.

ಇಷ್ಟಾದ್ರೂ ಬಾಯಿ ಬಿಡದಿದ್ರೆ ಗ್ರಾಹಕರ ಆಯೋಗ ಇದೆ, ಕಾರವಾರದಲ್ಲೇ ಇದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರತ್ತೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ವಿ.ಪಿ. ಶಾಂತಾ ಕೇಸು ಅಂತಾರೆ ಅದಕ್ಕೆ. ನೀವು ಆಸ್ಪತ್ರೆಗೆ ಕಟ್ಟಿದ್ದು ಐದು ಲಕ್ಷದ ಒಳಗಾದ್ರೆ ಫೀಸ್ ಇಲ್ಲ, ಆನ್‌ಲೈನಲ್ಲೂ ಹಾಕ್ಬಹುದು, ಆದ್ರೆ ಎರಡು ವರ್ಷದ ಒಳಗೆ ಹಾಕ್ಬೇಕು, ನೋಡೋಣ ನೋಡೋಣ ಅಂತ ಕೂತ್ಕೋಬೇಡಿ. ಪೊಲೀಸ್ ಸ್ಟೇಷನ್ ಬೇಡ ಅಂತ ನನ್ನ ಅಭಿಪ್ರಾಯ. ಡಾಕ್ಟ್ರ ಮೇಲೆ ಕ್ರಿಮಿನಲ್ ಕೇಸು ನಿಲ್ಬೇಕಾದ್ರೆ ಘೋರ ನಿರ್ಲಕ್ಷ್ಯ ಇರ್ಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ತೀರ್ಪಿದೆ, ಅಲ್ಲಿಗೆ ಹೋದ ಕೂಡ್ಲೇ ಎರಡೂ ಕಡೆ ವಕೀಲರು ಬಂದು ಬಾಯಿಗೆ ಬೀಗ ಹಾಕ್ತಾರೆ, ನಿಮಗೆ ಬೇಕಾಗಿದ್ದು ಅವ್ರ ಬಾಯಿಂದ ಒಂದು ಮಾತು.

ಪ್ರಶ್ನೆ: ಸರ್, ನಾನು ಶಿರಸಿಲಿ ಸ್ಟಾಫ್ ನರ್ಸ್. ನಮ್ಮ ವಾರ್ಡಲ್ಲಿ ಇಬ್ರು ಹೆಗಡೇರು ಇದ್ರು, ಹೆಸ್ರೂ ಒಂದೇ, ಇನಿಷಿಯಲ್ಲೂ ಒಂದೇ. ಒಬ್ರ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಇನ್ನೊಬ್ರಿಗೆ ಕೊಟ್ಬಿಟ್ಟೆ. ಕೂಡ್ಲೇ ಡ್ಯೂಟಿ ಡಾಕ್ಟ್ರಿಗೆ ಹೇಳ್ದೆ. ಪುಣ್ಯಕ್ಕೆ ಏನೂ ಆಗ್ಲಿಲ್ಲ. ವಾರ್ಡ್ ನೋಡ್ಕೊಳೋ ಮೇಡಂ "ಏನೂ ಆಗಿಲ್ವಲ್ಲ, ಸುಮ್ನೆ ಅವ್ರನ್ನ ಯಾಕೆ ಹೆದರ್ಸೋದು, ಶೀಟಲ್ಲಿ ಬರೀಬೇಡ" ಅಂದ್ರು. ನಂಗೆ ನಿದ್ದೆ ಬರ್ತಿಲ್ಲ. ಪೇಶಂಟ್ ಇನ್ನೂ ಅಡ್ಮಿಟ್ ಇದಾರೆ. ಏನು ಮಾಡ್ಲಿ?

ಉತ್ತರ: ಕೂಡ್ಲೇ ಡಾಕ್ಟ್ರಿಗೆ ಹೇಳಿದ್ರಲ್ಲ, ಎಲ್ಲಕ್ಕಿಂತ ಕಷ್ಟದ ಕೆಲ್ಸ ಅದೇ ಆಗಿತ್ತು, ಅದು ಮುಗೀತು. ಉಳಿದಿದ್ದು ಇಷ್ಟು.

ಏನೂ ಆಗಿಲ್ಲ ಅಂತ ಮೇಡಮ್ಮಿಗೆ ಹೇಗೆ ಗೊತ್ತು? ಆ್ಯಂಟಿಬಯೋಟಿಕ್ ಅಲರ್ಜಿ ಕೆಲವ್ರಿಗೆ ಐದು ನಿಮಿಷಕ್ಕೆ ಬರತ್ತೆ, ಕೆಲವ್ರಿಗೆ ಒಂದು ವಾರದ ನಂತ್ರ ಮೈಮೇಲೆ ಗಂಧೆ ಏಳತ್ತೆ. ಆಗ ಅವ್ರು ಮನೇಲಿರ್ತಾರೆ, ಅಡಿಕೆ ಕೊಯ್ಲಿಗೆ ಹೋಗಿದ್ದೆ, ಏನೋ ತಾಗಿರ್ಬೇಕು ಅಂತ ಎಣ್ಣೆ ಹಚ್ಕೊಂಡು ಕೂರ್ತಾರೆ. ಕಾಗದದಲ್ಲಿ ಇಲ್ಲದ ಇಂಜೆಕ್ಷನ್ನನ್ನ ಯಾವ ಡಾಕ್ಟ್ರೂ ಊಹೆ ಮಾಡಲ್ಲ. ಹಾಗಾಗಿ ಶೀಟಲ್ಲಿ ಬರೀಲೇಬೇಕು. ಇಷ್ಟು ಗಂಟೆಗೆ ಈ ಔಷಧಿ ಇಷ್ಟು ಡೋಸ್ ಕೊಡಲಾಗಿದೆ, ಇದು ಇವರಿಗೆ ಬರೆದಿದ್ದಲ್ಲ, ಇಷ್ಟೊತ್ತಿಗೆ ಡಾಕ್ಟ್ರಿಗೆ ತಿಳಿಸಲಾಗಿದೆ, ಬಿಪಿ, ಪಲ್ಸ್ ಇಷ್ಟಿತ್ತು. ಕ್ಷಮೆ, ಕಾರಣ, ಯಾರ ತಪ್ಪು ಇದ್ಯಾವ್ದೂ ಶೀಟಲ್ಲಿ ಬೇಡ, ಆದದ್ದಷ್ಟೇ. ಈಗ ಬರೀತಿದ್ರೆ ಈಗಿನ ತಾರೀಕು, ಈಗಿನ ಗಂಟೆ ಹಾಕಿ, ಹಿಂದಿನ ಸಾಲಿನ ಸಂದಿಲಿ ತುರುಕ್ಬೇಡಿ. ಮೊದಲು ಬರ್ದಿದ್ದು ತಪ್ಪಿದ್ರೆ ಓದ್ಲಿಕ್ಕೆ ಬರೋ ಹಾಗೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಕು. ವೈಟ್ನರ್ ಹಚ್ಚಿದ ಶೀಟು ಕೋರ್ಟಿಗೆ ಹೋದ್ರೆ ಮೂಲ ತಪ್ಪಿಗಿಂತ ಆ ಬಿಳಿ ಮಚ್ಚೆಗೇ ಹೆಚ್ಚು ಬೆಲೆ ತೆರಬೇಕಾಗತ್ತೆ, ಮೇಡಂ ಹೇಳಿದ್ರು ಅನ್ನೋದು ಅಲ್ಲಿ ನಿಮ್ಮನ್ನ ಕಾಯಲ್ಲ.

ಹೆಗಡೇರಿಗೆ ಹೇಳೋ ಕೆಲ್ಸ ಟ್ರೀಟ್ ಮಾಡೋ ಡಾಕ್ಟ್ರದ್ದು, ನೀವು ಜೊತೆಗೆ ನಿಂತ್ಕೊಳಿ. ಅವ್ರು ಹಿಂಜರಿದ್ರೆ "ಸರ್, ನೀವು ಹೇಳ್ತೀರಾ, ನಾನು ಹೇಳ್ಲಾ" ಅಂತ ಮೆತ್ತಗೆ ಕೇಳಿ, ಸಾಮಾನ್ಯವಾಗಿ ಆಗ ಅವ್ರೇ ಏಳ್ತಾರೆ. ನಮ್ಮ ಕಡೆ ಜನ ಹೇಗೆ ಅಂತ ನಿಮಗೂ ಗೊತ್ತು, ಎದುರಿಗೆ ಬಂದು ಹೀಗಾಯ್ತು ಹೆಗಡೇರೆ ಅಂದ್ರೆ "ಹೋಗ್ಲಿ ತಂಗಿ, ನೀ ಬೇಕಂತ ಮಾಡಿದ್ದಾ" ಅಂತಾರೆ, ಅದನ್ನೇ ಅವ್ರ ಅಳಿಯ ಬೇರೆಯೋರಿಂದ ಕೇಳಿದ್ರೆ ಆಸ್ಪತ್ರೆ ಬಾಗ್ಲಲ್ಲಿ ನಿಲ್ತಾನೆ.

ಇನ್ನು ಮೇಡಮ್ಮಿಗೆ ಒಂದು ಮಾತು, ಇದನ್ನ ಓದ್ತಿದ್ರೆ. ಹೆಗಡೆ, ಭಟ್ಟ, ನಾಯ್ಕ, ಗೌಡ ಅಂತ ನಾಲ್ಕೈದು ಅಡ್ಡಹೆಸ್ರಲ್ಲಿ ಇಡೀ ಜಿಲ್ಲೆ ಮುಗಿಯತ್ತೆ, ಅದರಲ್ಲಿ ಗಣಪತಿ, ಮಂಜುನಾಥ ಅಂತ ಮನೆಗೊಬ್ರು. ಇಂಥ ಊರಲ್ಲಿ ಹೆಸ್ರು ಕೂಗಿ ಇಂಜೆಕ್ಷನ್ ಕೊಡೋ ಪದ್ಧತಿ ಇಟ್ಕೊಂಡು ಆಮೇಲೆ ಸಿಸ್ಟರನ್ನ ಬೈಯೋದು ನ್ಯಾಯ ಅಲ್ಲ. ಹೆಸ್ರಿನ ಜೊತೆ ಅಡ್ಮಿಟ್ ಮಾಡುವಾಗ ಕೊಡೋ ಐಪಿ ನಂಬರೋ ಹುಟ್ಟಿದ ತಾರೀಕೋ ಇನ್ನೊಂದು ಗುರ್ತು ನೋಡ್ಬೇಕು ಅನ್ನೋದು ಎಲ್ಲ ಕಡೆ ಇರೋ ನಿಯಮ, ಕೈಗೆ ಕಟ್ಟೋ ಪಟ್ಟಿಗೆ ಬೀಳೋದು ಕೆಲವೇ ರೂಪಾಯಿ. ಒಂದೇ ಹೆಸ್ರಿನವ್ರು ಇಬ್ರು ಬಂದ್ರೆ ಒಬ್ರನ್ನ ಬೇರೆ ರೂಮಿಗೆ ಹಾಕಿ.

ಪ್ರಶ್ನೆ: ನಾನೂ ವೈದ್ಯನೇ, ಹೊನ್ನಾವರದ ಕಡೆ ಸಣ್ಣ ಆಸ್ಪತ್ರೆ. ನೀವು ರಿಟೈರ್ ಆಗಿ ಕೂತು "ಸತ್ಯ ಹೇಳಿ" ಅಂತ ಬರೆಯೋದು ಸುಲಭ. ಸಾರಿ ಅಂದ್ರೆ ಅದನ್ನೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕೋರ್ಟಿಗೆ ಕೊಡ್ತಾರೆ. ಇನ್ಶೂರೆನ್ಸ್‌ನವ್ರು ತಪ್ಪು ಒಪ್ಕೋಬೇಡಿ ಅಂತ ಪಾಲಿಸಿಲೇ ಬರ್ದಿದಾರೆ. ಏನು ಮಾಡ್ಬೇಕು ನಾವು?

ಉತ್ತರ: ಸುಲಭ ಅಂತ ನಾನು ಎಲ್ಲೂ ಅಂದಿಲ್ಲ ಮಾರಾಯ್ರೆ. ನೀವು ಹೇಳಿದ ಎರಡೂ ನಿಜ. ಅಮೆರಿಕದ ಮ್ಯಾಸಚೂಸೆಟ್ಸಲ್ಲಿ 1986ರಲ್ಲೇ, ಸಂತಾಪ ಹೇಳಿದ್ದನ್ನ ತಪ್ಪೊಪ್ಪಿಗೆ ಅಂತ ಕೋರ್ಟಲ್ಲಿ ತೋರಿಸ್ಬಾರ್ದು ಅಂತ ಕಾನೂನು ಬಂತು, ಇಂಗ್ಲೆಂಡಲ್ಲಿ 2006ರಲ್ಲಿ ಬಂತು. ನಮ್ಮಲ್ಲಿ ಆ ಥರದ್ದು ಇಲ್ಲ, ಬರ್ಬೇಕು. ವೈದ್ಯರ ಸಂಘದವ್ರು ಹಲ್ಲೆ ವಿರುದ್ಧ ಕಾನೂನು ಕೇಳಿದಷ್ಟೇ ಜೋರಾಗಿ ಇದನ್ನೂ ಕೇಳಿದ್ರೆ ಚೆನ್ನಾಗಿತ್ತು.

ಆದ್ರೆ ಆದದ್ದನ್ನ ಹೇಳೋದೇ ಬೇರೆ, ನಾನು ಕಾನೂನು ಪ್ರಕಾರ ಹೊಣೆಗಾರ ಅಂತ ಬರ್ಕೊಡೋದೇ ಬೇರೆ. "20 ಯುನಿಟ್ ಕೊಡ್ಬೇಕಿತ್ತು, 50 ಹೋಗಿದೆ, ಅದಕ್ಕೇ ಶುಗರ್ ಇಳೀತು, ಈಗ ಇಂಥದ್ದು ಮಾಡ್ತಿದೀವಿ, ಹೀಗಾಗಿದ್ದಕ್ಕೆ ನಂಗೆ ತುಂಬಾ ಬೇಜಾರಿದೆ" ಅನ್ನೋದ್ರಲ್ಲಿ ರೋಗಿಗೆ ತಿಳಿಯೋ ಹಕ್ಕಿರೋ ಸಂಗತಿಗಿಂತ ಹೆಚ್ಚೇನಿದೆ? ಪಾಲಿಸಿ ತಡೆಯೋದು ಹೊಣೆ ಒಪ್ಪೋದನ್ನ, ದುಡ್ಡಿನ ಮಾತು ಕೊಡೋದನ್ನ. ಕಂಪನಿಗೆ ಅವತ್ತೇ ಬರವಣಿಗೆಲಿ ತಿಳಿಸಿ, ಪರಿಹಾರದ ಮಾತು ಅವ್ರ ಜೊತೆ ಸೇರಿ ಆಡಿ. ಕೇಸ್ ಶೀಟಲ್ಲಿ ನೀವೇ 50 ಯುನಿಟ್ ಅಂತ ಬರ್ದಿದ್ರೆ ಬಾಯಲ್ಲಿ ಹೇಳಿದ್ದರಿಂದ ಹೊಸದಾಗಿ ಕಳ್ಕೊಳ್ಳೋದೇನಿಲ್ಲ, ಬರ್ದಿಲ್ಲ ಅಂದ್ರೆ ನಿಮ್ಮ ಸಮಸ್ಯೆ ಬೇರೇನೇ ಇದೆ.

ಲೆಕ್ಕ ಬೇಕಾ? ಮಿಷಿಗನ್ ಯೂನಿವರ್ಸಿಟಿ ಆಸ್ಪತ್ರೆಯೋರು 2001ರಿಂದ ಒಂದು ಪದ್ಧತಿ ಶುರು ಮಾಡಿದ್ರು. ತಪ್ಪಾದ್ರೆ ತಾವಾಗಿ ಹೇಳೋದು, ತಮ್ಮ ಕಡೆ ಲೋಪ ಇದ್ರೆ ಪರಿಹಾರ ತಾವೇ ಮುಂದಿಡೋದು, ಲೋಪ ಇಲ್ಲದಿದ್ರೆ ಗಟ್ಟಿಯಾಗಿ ಕೇಸ್ ನಡೆಸೋದು. 2010ರಲ್ಲಿ ಅದರ ಅಧ್ಯಯನ ಬಂತು, ಕೋರ್ಟಿಗೆ ಹೋಗೋ ಕೇಸಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು, ಖರ್ಚೂ ಇಳಿದಿತ್ತು. ಆ ಕಾಲಕ್ಕೆ ಆ ರಾಜ್ಯದಲ್ಲಿ ಒಟ್ಟಾರೆ ಕೇಸುಗಳು ಕಡಿಮೆ ಆಗ್ತಿದ್ವು ಅಂತ ಅಧ್ಯಯನ ಮಾಡಿದವ್ರೇ ಹೇಳಿದಾರೆ, ಹಾಗಾಗಿ ಪೂರ್ತಿ ಶ್ರೇಯ ಇದಕ್ಕೇ ಅಂತ ನಾನು ಹೇಳಲ್ಲ. ಆದ್ರೆ ಬಾಯಿ ಬಿಟ್ರೆ ಆಸ್ಪತ್ರೆ ಮುಳುಗತ್ತೆ ಅನ್ನೋ ಹೆದರಿಕೆ ಇತ್ತಲ್ಲ, ಅದು ಆಗ್ಲಿಲ್ಲ. ಇಂಗ್ಲೆಂಡಲ್ಲಂತೂ 2014ರಿಂದ, ರೋಗಿಗೆ ಗಂಭೀರ ತೊಂದ್ರೆ ಆದ್ರೆ ಎದುರಿಗೆ ಕೂತು ಹೇಳಿ, ಕ್ಷಮೆ ಕೇಳಿ, ಆಮೇಲೆ ಪತ್ರದಲ್ಲೂ ಕೊಡ್ಬೇಕು ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಕಾನೂನೇ ಆಗಿದೆ.

ಇನ್ನೊಂದು ಕೇಳಿ. ಅದೇ 2001ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಲಿ ಜೋಸಿ ಕಿಂಗ್ ಅನ್ನೋ ಒಂದೂವರೆ ವರ್ಷದ ಮಗು ತೀರ್ಕೊಳ್ತು. ಬಿಸಿನೀರು ಬಿದ್ದು ಸುಟ್ಟ ಗಾಯಕ್ಕೆ ಬಂದಿದ್ದು, ಗಾಯ ಮಾಯ್ತಾ ಇತ್ತು, ಮೈಯಲ್ಲಿ ನೀರಿನಂಶ ಬತ್ತಿದ್ದನ್ನ ಗಮನಿಸ್ಲಿಲ್ಲ, ಮಗು ಬಾಯಾರಿಕೆಗೆ ಒದ್ದಾಡ್ತಿದೆ ಅಂತ ತಾಯಿ ಹೇಳ್ತಾನೇ ಇದ್ಲು, ಮೇಲಿಂದ ಕೊಡಬಾರದ ನೋವಿನ ಔಷಧಿ ಬೇರೆ. ಆಸ್ಪತ್ರೆ ತಪ್ಪು ಒಪ್ಕೊಳ್ತು. ತಾಯಿ ಸಿಟ್ಟಲ್ಲಿ ಆಸ್ಪತ್ರೆಯನ್ನೇ ನೆಲಸಮ ಮಾಡ್ತಾಳೆ ಅಂತ ಅನ್ಕೊಂಡ್ರೆ, ಪರಿಹಾರದ ದುಡ್ಡಲ್ಲೇ ಒಂದಷ್ಟು ತೆಗೆದು ಅದೇ ಆಸ್ಪತ್ರೆ ಜೊತೆ ಸೇರಿ ರೋಗಿಗಳ ಸುರಕ್ಷತೆಯ ಕಾರ್ಯಕ್ರಮ ಶುರು ಮಾಡಿದ್ಲು. ಎಲ್ರೂ ಹಾಗೆ ಮಾಡಲ್ಲ, ಮಾಡ್ಬೇಕು ಅಂತಲೂ ಇಲ್ಲ. ಮುಚ್ಚಿಟ್ಟಿದ್ರೆ ಮಾತ್ರ ಅವಳೂ ಮಾಡ್ತಿರ್ಲಿಲ್ಲ.

ಮೊಬೈಲ್ ವಿಷ್ಯ. ಮಾಡ್ಕೊಳ್ಲಿ ಬಿಡಿ. ಇವತ್ತು ಒಂದು, ನಾಳೆ ಒಂದು ಹೇಳೋರು ಹೆದರ್ಬೇಕು. ಮಾತಾಡುವಾಗ ನಿಮ್ಮ ಕಡೆ ಹಿರಿಯ ಸಿಸ್ಟರ್ ಒಬ್ರು ಕೂತಿರ್ಲಿ, ಏನು ಹೇಳಿದ್ವಿ ಅಂತ ಶೀಟಲ್ಲಿ ಎರಡು ಸಾಲು ಬರೀರಿ, ಅವ್ರಿಗೂ ಒಂದು ಪ್ರತಿ. ಮತ್ತೆ ಆ ರಾತ್ರಿ ಡ್ಯೂಟಿಲಿದ್ದ ಹುಡುಗಿಯನ್ನ ಎಲ್ರ ಎದುರಿಗೆ ಬೈದು ಸಂಬಳ ಕಟ್ ಮಾಡ್ಬೇಡಿ, ಮುಂದಿನ ತಪ್ಪು ನಿಮ್ಮ ಕಿವಿಗೇ ಬೀಳಲ್ಲ.

ಪ್ರಶ್ನೆ: ಅಂಕೋಲಾ ಕಡೆಯವ. ಅತ್ತಿಗೆಗೆ ಸರ್ಕಾರಿ ಆಸ್ಪತ್ರೆಲಿ ಆಪರೇಷನ್ ಆದ್ಮೇಲೆ ತೊಂದ್ರೆ ಆಯ್ತು. ಎಲ್ಲ ಫ್ರೀ ಆಗಿದ್ರಿಂದ ಗ್ರಾಹಕ ಕೋರ್ಟಿಗೆ ಬರಲ್ಲ ಅಂತಾರೆ. ಭಾವ ನೂರು ಜನ ಸೇರ್ಸಿ ಆಸ್ಪತ್ರೆಗೆ ನುಗ್ಗಣ ಅಂತಿದಾನೆ, ಆಗ್ಲಾದ್ರೂ ಉತ್ತರ ಸಿಗತ್ತಂತೆ. ಸರಿನಾ?

ಉತ್ತರ: ಭಾವನ್ನ ಮನೇಲೇ ಕೂರ್ಸಿ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈಮಾಡಿದ್ರೆ, ಸಾಮಾನು ಒಡೆದ್ರೆ 2009ರ ರಾಜ್ಯ ಕಾನೂನು ಪ್ರಕಾರ ಕೇಸ್ ಆಗತ್ತೆ, ಅತ್ತಿಗೆ ಕಥೆ ಮೂಲೆಗೆ ಬಿದ್ದು ಭಾವನ ಕಥೆ ಪೇಪರಲ್ಲಿ ಬರತ್ತೆ.

ಎಲ್ರಿಗೂ ಪೂರ್ತಿ ಉಚಿತ ಇರೋ ಕಡೆ ಗ್ರಾಹಕ ಆಯೋಗ ನಡೆಯಲ್ಲ ಅನ್ನೋದು ಹೌದು, ಆದ್ರೆ ಬೇರೆ ದಾರಿ ಇದಾವೆ. ರೆಕಾರ್ಡಿನ 72 ಗಂಟೆ ನಿಯಮ ಸರ್ಕಾರಿ ಡಾಕ್ಟ್ರಿಗೂ ಇದೆ, ಕೊಡದಿದ್ರೆ ಅತ್ತಿಗೆ ಹೆಸ್ರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡ್ಬೇಕು. ಕಾಗದ ಕೈಗೆ ಬಂದ್ಮೇಲೆ ಬೇರೆ ಸರ್ಜನ್ ಒಬ್ರಿಗೆ ತೋರ್ಸಿ, ಯಾಕಂದ್ರೆ ಆಪರೇಷನ್ನಿನ ಎಲ್ಲ ತೊಂದ್ರೆ ತಪ್ಪಿಂದಲೇ ಬರಲ್ಲ, ಸರಿಯಾಗಿ ಮಾಡಿದ್ರೂ ಸೋಂಕು, ರಕ್ತಸ್ರಾವ ಆಗೋದಿದೆ. ಆಪರೇಷನ್ ಮೊದಲು ಸಹಿ ಹಾಕ್ಸುವಾಗ ಅದನ್ನ ಹೇಳಿದ್ರಾ ಇಲ್ವಾ ಅಂತ ಅತ್ತಿಗೆನ ಕೇಳಿ. ಆ ಸರ್ಜನ್ ನೋಡಿ ಇದು ಲೋಪ ಅಂದ್ರೆ ಆಸ್ಪತ್ರೆ ಮುಖ್ಯಸ್ಥರಿಗೊಂದು, ಕಾರವಾರದ ಡಿಎಚ್ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೊಂದು ಲಿಖಿತ ದೂರು, ಡಾಕ್ಟ್ರ ನಡತೆ ಬಗ್ಗೆ ಆದ್ರೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ. ದೂರಲ್ಲಿ ಬೈಗುಳ ಬೇಡ, ತಾರೀಕು, ಗಂಟೆ, ಯಾರು ಏನಂದ್ರು ಅಷ್ಟೇ ಇರ್ಲಿ, ಒಂದೂವರೆ ಪುಟ ದಾಟ್ಬಾರ್ದು. ಪೋಸ್ಟಲ್ಲಿ ಕಳ್ಸೋದಾದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳಿ, ಕೈಯಲ್ಲೇ ಕೊಡೋದಾದ್ರೆ ಭಾವನ್ನ ಬಿಟ್ಟು ಅತ್ತಿಗೆ ಜೊತೆ ನೀವೊಬ್ರೇ ಹೋಗಿ.